ನಿವೃತ್ತ ಹವಾಲ್ದಾರನ ಸಿಟ್ಟು

ಸೈನ್ಯದಲ್ಲಿದ್ದಷ್ಟು ಕಾಲ ನನಗೆ ಇಷ್ಟು ಕೋಪ ಬಂದಿರಲಿಲ್ಲ. ಅಲ್ಲಿ ಎದುರಿಗಿದ್ದವನು ಶತ್ರು ಅಂತಲಾದರೂ ಗೊತ್ತಿರುತ್ತಿತ್ತು. ತುಮಕೂರಿನ ಮರಳೂರಿನಲ್ಲಿ ಮನೆ ಮಾಡಿ, ಓಟ, ಸಮಾಜಸೇವೆ ಅಂತ ಹೊರಟ ಮೇಲೆ ವಾರಕ್ಕೊಂದಾದರೂ ರಕ್ತ ಕುದಿಯುವ ಪ್ರಸಂಗ. ಎದುರಿಗಿರುವವರೆಲ್ಲ ಒಳ್ಳೆಯವರೇ. ಬೈಯೋದಾದರೂ ಯಾರನ್ನ?

ಯಾಕ್ಲಾ ಓಡ್ತೀಯ?

ನಿಟ್ಟೂರು ನನ್ನ ಹುಟ್ಟೂರು. ಹೋದಾಗಲೆಲ್ಲ ಬೆಳಿಗ್ಗೆ ಗುಬ್ಬಿ ಕಡೆ ಓಡೋದು ರೂಢಿ. ಹಿರಿಯರ ಕ್ರೀಡಾಕೂಟದಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಬಂದ ಕಾಲು ನನ್ನದು. ಒಂದು ದಿನ ಮೊಪೆಡ್‌ನಲ್ಲಿ ಬಂದ ಯಜಮಾನರೊಬ್ಬರು ಪಕ್ಕದಲ್ಲೇ ನಿಧಾನ ಮಾಡಿದರು.

“ಯಾಕ್ಲಾ, ಬಸ್ ಹೊಂಟೋಯ್ತಾ? ಹತ್ಕೋ.”

“ಇಲ್ಲ ಯಜಮಾನ್ರೇ, ಸುಮ್ನೆ ಓಡ್ತಿದೀನಿ.”

“ಸುಮ್‌ಸುಮ್ನೆ ಯಾರ್ಲಾ ಓಡ್ತಾರೆ?” ಎಂದವರು ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗಿ ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿ, ನನಗೆ ಧೈರ್ಯ ಹೇಳಿದರು: “ಯಾರೂ ಅಟ್ಟುಸ್ಕೊಂಡ್ ಬರ್ತಿಲ್ಲ ಕಣೋ, ನಿಂತ್ಕೋ!”

ಭಾನುವಾರದ ಸೇವೆ

ಭಾನುವಾರ ನಾವೊಂದಷ್ಟು ಜನ ನಮ್ಮ ಬೀದಿಗಳ ಪ್ಲಾಸ್ಟಿಕ್ ಹೆಕ್ಕುತ್ತೇವೆ. ಒಬ್ಬ ಹೆಂಗಸು ಗೇಟಿನೊಳಗಿಂದಲೇ ಕಸದ ಚೀಲ ಚಾಚಿ ದಬಾಯಿಸಿದರು.

“ಏನ್ರೀ, ಹೋದ್ವಾರ ಬರ್ಲೇ ಇಲ್ಲ? ವಾಸ್ನೆ ತಡ್ಕೊಂಡು ಸಾಕಾಯ್ತು!”

“ಅಮ್ಮಾ, ನಾನು ಕಸದ ಗಾಡಿಯವನಲ್ಲ. ಮಿಲಿಟರಿಯಲ್ಲಿದ್ದವನು.”

“ಮಿಲಿಟರಿಯವ್ರಾಗಿ ಟೈಮಿಗೆ ಬರಲ್ಲ ಅಂದ್ರೆ ಹೆಂಗ್ರೀ?”

ಯುದ್ಧ ಮತ್ತು ಮುಖ್ಯ ಅತಿಥಿ

ಕುಣಿಗಲ್ಲಿನ ಒಂದು ಸಂಘದವರು ಸನ್ಮಾನಕ್ಕೆ ಕರೆದು, ಯುದ್ಧದ ಅನುಭವ ಹೇಳಿ ಅಂದರು. ನಾನದನ್ನು ಮನೆಯಲ್ಲೂ ಬಾಯಿಬಿಟ್ಟವನಲ್ಲ. ಆದರೂ ಹಿಮದ ಬೆಟ್ಟದಲ್ಲಿ ನನ್ನ ಪಕ್ಕದಲ್ಲೇ ಗುಂಡು ತಿಂದು ಬಿದ್ದ ಗೆಳೆಯನ ಬಗ್ಗೆ ನಾಲ್ಕು ಮಾತಾಡಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಬೆಟ್ಟ ಅರ್ಧ ಹತ್ತಿದ್ದೆವು ಅನ್ನುವಷ್ಟರಲ್ಲಿ ನಿರೂಪಕ ಬಂದು ಕಿವಿಯಲ್ಲಿ ಉಸುರಿದ: “ಚೀಫ್ ಗೆಸ್ಟ್ ಬಂದ್ರು. ಯುದ್ಧ ಬೇಗ ಮುಗ್ಸಿ ಸಾರ್.”

ಮೈಯೆಲ್ಲ ಉರಿಯಿತು. ಮೈಕಿನಲ್ಲೇ ಹೇಳಿದೆ: “ಬೇಗ ಮುಗಿಯೋ ಯುದ್ಧ ಆಗಿದ್ದಿದ್ರೆ ಅವನೂ ನನ್ ಜೊತೆ ಊರಿಗೆ ಬರ್ತಿದ್ದ ಕಣಪ್ಪಾ. ಅವ್ರು ಕಾಯ್ಲಿ.”

ಗೆಳೆಯನ ಕತೆ ಪೂರ್ತಿ ಹೇಳಿಯೇ ಕೂತೆ. ಮುಖ್ಯ ಅತಿಥಿ ಒದ್ದೆ ಕಣ್ಣಲ್ಲಿ ಬಂದು ನನ್ನ ಕೈ ಹಿಡಿದುಕೊಂಡರು. ನನ್ನ ಸಿಟ್ಟೂ ಇಳಿಯಿತು. ಆಮೇಲೆ ಅವರು ಕೇಳಿದರು: “ಯಾವ ಸಿನಿಮಾ ಸಾರ್ ಇದು?”

ಎರಡನೇ ಬಹುಮಾನ

ತುಮಕೂರಿನಲ್ಲಿ ಅರವತ್ತು ದಾಟಿದವರಿಗೊಂದು ಓಟದ ಸ್ಪರ್ಧೆ. ಗೆರೆಯ ಮೇಲೆ ನಿಂತವನು ನಾನೊಬ್ಬನೇ. ಆದರೂ ಬಿಡಲಿಲ್ಲ, ಬಿಸಿಲಲ್ಲಿ ಪೂರ್ತಿ ಓಡಿದೆ. ಕೊನೆಗೆ ವೇದಿಕೆಯಿಂದ ನನ್ನ ಹೆಸರು ಕೂಗಿದರು. ದ್ವಿತೀಯ ಬಹುಮಾನ!

“ಫಸ್ಟ್ ಯಾರ್ರೀ?” ಅಂದೆ.

ಸಂಘಟಕ, ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಹಿರಿಯರನ್ನು ತೋರಿಸಿದ. “ನಮ್ ಅಧ್ಯಕ್ಷರ ಮಾವ.”

“ಅವ್ರು ಓಡಲೇ ಇಲ್ವಲ್ರೀ!”

“ಮಂಡಿ ನೋವು ಸಾರ್, ಹೆಂಗ್ ಓಡ್ತಾರೆ? ಓಡಿದ್ದಿದ್ರೆ ಫಸ್ಟ್ ಅವ್ರೇ.”

ಕೈಗಿತ್ತ ಕಪ್ಪನ್ನು ಅಲ್ಲೇ ಕುಕ್ಕಿ ಮನೆಗೆ ಬಂದೆ. ಅನ್ಯಾಯ, ಅಧರ್ಮ ಅಂತ ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಮಜ್ಜಿಗೆ ತಂದಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂದಳು:

“ಒಬ್ರೇ ಓಡಿ ಸೆಕೆಂಡ್ ಬಂದವ್ರು ಪ್ರಪಂಚದಲ್ಲಿ ಬೇರೆ ಯಾರಿದಾರ್ರೀ? ಅದ್ರಲ್ಲಿ ನೀವೇ ಫಸ್ಟ್, ಬುಡಿ!”