ಭಾವನ ಸಿನಿಮಾದಲ್ಲಿ ನಾನು ಅಪ್ಪನಾದದ್ದು

ನನ್ನ ಹೆಂಡತಿಯ ಅಣ್ಣನಿಗೆ ಹೆದರದ ಕನ್ನಡಿಗ ಐರ್ಲೆಂಡಿನಲ್ಲಿ ಇದ್ದರೆ ತೋರಿಸಿ! ಭಾವ ಸಲಿಂಗಿ ಅಂತಲ್ಲ. ಅದನ್ನು ಅವರು ಹೇಳಿ ಹತ್ತು ವರ್ಷವಾಯಿತು. ನಮ್ಮ ಅತ್ತೆ ಎರಡು ವರ್ಷ ಅತ್ತು, ಮೂರನೆಯ ವರ್ಷ ಮಗನ ಐರಿಶ್ ಸಂಗಾತಿಗೆ ನೀರುದೋಸೆ ಹುಯ್ಯುವುದನ್ನು ಕಲಿಸಿದರು. ನಮ್ಮ ಭಯವೆಲ್ಲ ಭಾವನ ಕ್ಯಾಮೆರಾದ್ದು.

ವಾರವೆಲ್ಲ ಡನ್‌ಡಾಕ್‌ನ ಲ್ಯಾಬೊಂದರಲ್ಲಿ ಸಾಧುವಾಗಿರುವ ಮನುಷ್ಯ, ಶನಿವಾರ ಬಂತೆಂದರೆ ನಿರ್ದೇಶಕ! ಅವರ ತಂಡದಲ್ಲಿ ನರ್ಸು, ಟ್ಯಾಕ್ಸಿ ಚಾಲಕ, ನಿವೃತ್ತ ಟೀಚರು ಎಲ್ಲರೂ ಇದ್ದಾರೆ, ನಟಿಸಲು ಬರುವವರನ್ನು ಬಿಟ್ಟು.

"ಭಾಷಣ ಮಾಡಿದ್ರೆ ಜನ ಬದಲಾಗಲ್ಲ ಕಣೋ. ಪಾತ್ರ ಕೊಡ್ಬೇಕು," ಎನ್ನುತ್ತಾರೆ ಭಾವ.

ಕೊಟ್ಟೂಬಿಟ್ಟರು! "ಇಂಥವೆಲ್ಲ ನಮ್ಮಲ್ಲಿಲ್ಲ" ಎಂದು ಕನ್ನಡಿಗರ ಸಭೆಯಲ್ಲಿ ಗುಡುಗಿದ್ದ ಹಿರಿಯರೊಬ್ಬರಿಗೇ, ಇಬ್ಬರು ಗಂಡಸರ ಮದುವೆ ಮಾಡಿಸುವ ಪುರೋಹಿತನ ಪಾತ್ರ. ಅವರು ಸಿಟ್ಟಿನಿಂದ ಸ್ಕ್ರಿಪ್ಟ್ ಕಸಿದುಕೊಂಡು ಹೋದರು. ಎರಡು ದಿನಕ್ಕೆ ಫೋನು: "ಅಲ್ರೀ, ಇಷ್ಟೇನಾ ಮಂತ್ರ? ಸಪ್ತಪದಿನೇ ಬಿಟ್ಟಿದ್ದೀರಲ್ಲ!"

ನನಗೆ ವರನ ಅಪ್ಪನ ಪಾತ್ರ. ಚಿತ್ರೀಕರಣ ಆಡಮ್ಸ್‌ಟೌನ್‌ನ ನಮ್ಮ ಮನೆಯಲ್ಲೇ. ಮಗ ತನ್ನ ಗೆಳೆಯನನ್ನು ಕರೆತಂದಾಗ ನಾನು ಕೋಪದಿಂದ ನಡುಗಬೇಕು. ನಡುಗಿದೆ.

"ಕಟ್! ಇದು ಕೋಪ ಅಲ್ಲ, ಚಳಿ," ಎಂದರು ಭಾವ.

"ಸದ್ದು ಬರುತ್ತೆ ಅಂತ ಹೀಟಿಂಗ್ ಆಫ್ ಮಾಡ್ಸಿದ್ದು ನೀವೇ ಅಲ್ವಾ ಭಾವ?"

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಸಮಾಧಾನ ಮಾಡಿದಳು: "ಯು ಆರ್ ಗ್ರ್ಯಾಂಡ್, ಡ್ಯಾಡ್. ಜಸ್ಟ್ ಡೋಂಟ್ ಆ್ಯಕ್ಟ್!"

ಒಂದು ಭಾನುವಾರ ಮಧ್ಯಾಹ್ನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪ್ರದರ್ಶನ. ತೆರೆಯ ಮೇಲೆ ನಾನು ಮಗನನ್ನು ಹೊರಗಟ್ಟಿದಾಗ ಜನ ಬಿದ್ದು ಬಿದ್ದು ನಕ್ಕರು. ಅಳಬೇಕಾದ ಜಾಗ ಅದು! ಮುಗಿದ ಮೇಲೆ ಭಾವ ಪ್ರಶ್ನೆಗಳಿವೆಯೇ ಎಂದು ಕೇಳಿದರು. ಮೊದಲ ಪ್ರಶ್ನೆ, ಸಮೋಸ ಯಾವಾಗ ಕೊಡುತ್ತೀರಿ ಎಂಬುದು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. ಮಗಳ ಬಾಣಂತನಕ್ಕೆಂದು ಮಂಗಳೂರಿನಿಂದ ಬಂದವರು.

"ನನ್ನ ಮಗ ಇಲ್ಲೇ ವಾಟರ್‌ಫರ್ಡ್‌ನಲ್ಲಿದಾನೆ. ಅವನೂ ನಿಮ್ಮ ಹಾಗೇ. ಮೂರು ವರ್ಷದಿಂದ ನಾನೇ ಮಾತು ಬಿಟ್ಟಿದ್ದೀನಿ. ಈಗ ಫೋನ್ ಮಾಡಿದ್ರೆ ಏನಂತ ಶುರು ಮಾಡ್ಲಿ?"

ಭಾವ ಮೈಕು ಕೆಳಗಿಟ್ಟು ಹೋಗಿ ಆಕೆಯ ಪಕ್ಕ ಕುಳಿತರು. ಆಕೆ ಅಲ್ಲೇ ಫೋನು ಹಚ್ಚಿದರು. ಅತ್ತಲಿಂದ "ಅಮ್ಮಾ?" ಎಂಬ ದನಿ ಕೇಳಿದ್ದೇ ಆಕೆ ಅಳತೊಡಗಿದರು. ಭಾವ ಮೆಲ್ಲಗೆ ಫೋನು ತೆಗೆದುಕೊಂಡರು.

"ನಿಮ್ಮಮ್ಮ ನನ್ನ ಪಕ್ಕದಲ್ಲೇ ಇದಾರಪ್ಪ. ಅಳ್ತಿದಾರೆ, ಅಷ್ಟೇ. ನೀನು ಮನೇಲೇ ಇರು. ಈಗ ಹೊರಟ್ರೆ ಎರಡು ಗಂಟೇಲಿ ಕರ್ಕೊಂಡು ಬರ್ತೀನಿ."

ಕಾರಿನವರೆಗೆ ನಾನೂ ಹೋದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವನ ಜೊತೆಗಿರೋ ಆ ಇನ್ನೊಬ್ಬ ಹುಡುಗನೂ ಇರ್ತಾನಾ?" ಎಂದು ಕೇಳಿದರು.

"ಇರಬಹುದಮ್ಮ," ಎಂದರು ಭಾವ.

ಆಕೆ ಕಾರಿನಲ್ಲಿ ಕುಳಿತು ಸೀಟ್‌ಬೆಲ್ಟ್ ಎಳೆದುಕೊಂಡರು.

"ಹಾಗಾದ್ರೆ ದಾರೀಲಿ ಎಲ್ಲಾದ್ರೂ ನಿಲ್ಸಿ. ಬರಿಗೈಲಿ ಹೋಗೋದು ಬೇಡ. ಇಬ್ರಿಗೂ ಆಗೋ ಅಷ್ಟು ಹಣ್ಣಾದ್ರೂ ತಗೊಳ್ಳೋಣ."