ಗುರವ್ವಕ್ಕಾರಿಗೆ ಹೇಳಬೇಕಾದ ಮಾತು

ಕೆಲವರಿಗೆ ಹಾವಿನ ಹೆದರಿಕೆ, ಕೆಲವರಿಗೆ ಕತ್ತಲೆಯ ಹೆದರಿಕೆ. ನನಗೆ ಎದುರಿಗಿರುವವರ ಮುಖ ನೋಡಿ 'ಇದು ಸರಿಯಲ್ಲ' ಎನ್ನುವ ಹೆದರಿಕೆ. ಹೋಟೆಲಿನಲ್ಲಿ ಚಹದೊಳಗೆ ನೊಣ ಬಿದ್ದಿದ್ದರೆ ಸದ್ದಿಲ್ಲದೆ ನೊಣ ತೆಗೆದು ಚಹ ಕುಡಿದು ಎದ್ದು ಬರುವವನು ನಾನು. ಜಗಳ ಬೇಡವೆಂಬ ದೊಡ್ಡತನವೇನೂ ಅಲ್ಲ. ಬರೀ ಅಂಜಿಕೆ, ಅಷ್ಟೆ. ಇಂಥವನನ್ನು ಎಂಬತ್ತರ ದಶಕದ ಕೊನೆಗೆ ಬ್ಯಾಡಗಿಯ ಹೈಸ್ಕೂಲಿಗೆ ವರ್ಗ ಮಾಡಿದರು. ಮೆಣಸಿನಕಾಯಿ ಕೊಳ್ಳುವವರೆಲ್ಲ ಬಂದಿಳಿಯುವ ಸುಗ್ಗಿಯ ಕಾಲದಲ್ಲಿ ಆ ಊರಿನಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟ. ಹೇಗೋ ಗುರವ್ವ ಎಂಬವರ ಮನೆಯ ಮೇಲಂತಸ್ತು ಸಿಕ್ಕಿತು. ಗುರವ್ವ ಕೆಳಗಿದ್ದರು. ಹೊಲದ ಕೆಲಸವನ್ನೆಲ್ಲ ಒಬ್ಬರೇ ನಿಭಾಯಿಸುತ್ತಿದ್ದ ವಿಧವೆ. ಒಮ್ಮೆ ಅವರ ಓಣಿಗೆ ತಪ್ಪಿ ನುಗ್ಗಿದ ಲಾರಿಯೊಂದನ್ನು ಬರೀ ದನಿಯಿಂದಲೇ ಹಿಂದಕ್ಕೆ ಸರಿಸಿದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡಿದ್ದೆ.

ನಮ್ಮ ಬಾಗಿಲಿಗೆ ಹೊಂದಿಕೊಂಡೇ ತಾರಸಿ. ಅಲ್ಲಿ ನನ್ನ ಹೆಂಡತಿ ಶಾಂತಾ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಳು. ಮೆಣಸಿನಕಾಯಿ ಹೊಲದಿಂದ ಬಂದದ್ದೇ ತಡ, ಗುರವ್ವ ಅದನ್ನೆಲ್ಲ ಆ ಹಗ್ಗದ ಕೆಳಗೇ ಹರವಿದರು. ಗಾಳಿ ಬೀಸಿದಾಗ ಘಾಟು ಏಳುತ್ತಿತ್ತು. ನನ್ನ ಬನಿಯನ್, ಶಾಂತಾಳ ಸೀರೆ, ಏನು ಹಾಕಿಕೊಂಡರೂ ಮೈ ಉರಿಯತೊಡಗಿತು. ಪಾಠ ಮಾಡುವಾಗ ನಾನು ಬೋರ್ಡಿಗೆ ಬೆನ್ನು ತಿಕ್ಕುವುದನ್ನು ಕಂಡು ಹುಡುಗರು ನಕ್ಕರು. ಅದನ್ನೂ ಸಹಿಸಿದೆ. ಆದರೆ ಒಂದು ದಿನ ಅದೇ ಹಗ್ಗದಲ್ಲಿ ಒಣಗಿದ ಕುಲಾಯಿಯನ್ನು ನಮ್ಮ ಕೂಸಿನ ತಲೆಗೆ ಹಾಕಿದ್ದೇ ತಡ, ಅದು ಉಸಿರು ಕಟ್ಟುವಂತೆ ಚೀರಿತು. ಕಿವಿ, ಹಣೆ ಕೆಂಡದ ಹಾಗೆ ಕೆಂಪಾದವು. ಶಾಂತಾ ಕೊಬ್ಬರಿ ಎಣ್ಣೆ ಹಚ್ಚುತ್ತ, ನನ್ನ ಕಡೆ ನೋಡದೆಯೇ ಹೇಳಿದಳು: "ನೀವು ಇವತ್ತ ಅವರಿಗೆ ಹೇಳಾಕ ಬೇಕು. ಇಲ್ಲಾಂದ್ರ ನಾ ಕೂಸಿನ್ನ ಕರಕೊಂಡು ರಾಣೆಬೆನ್ನೂರಿಗೆ ಹೋಗ್ತೇನಿ. ಅವ್ವನ ಮನ್ಯಾಗರ ಅದಕ್ಕ ನಿದ್ದಿ ಹತ್ತತೈತಿ."

ಅವಳು ಕೂಗಾಡಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಆ ತಣ್ಣಗಿನ ದನಿ ಕೇಳಿದ್ದೇ ಚಪ್ಪಲಿ ಮೆಟ್ಟಿ ಹೊರಬಿದ್ದೆ. ಮೇಲೆ ಹೆಂಡತಿ, ಕೆಳಗೆ ಗುರವ್ವ, ನಡುವೆ ಮೆಟ್ಟಿಲ ಮೇಲೆ ನಾನು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಪ್ರತಿ ಸಲವೂ ಅದರ ಕೊನೆಯಲ್ಲಿ ಗುರವ್ವ ನಮ್ಮ ಟ್ರಂಕನ್ನು ಓಣಿಗೆ ಎಸೆಯುತ್ತಿರುವ ದೃಶ್ಯವೇ ಕಣ್ಣಿಗೆ ಕಟ್ಟುತ್ತಿತ್ತು.

ಗುರವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ನನ್ನನ್ನು ಕಂಡವರೇ ಕೈ ನಿಲ್ಲಿಸಿ ಸೆರಗು ಸರಿ ಮಾಡಿಕೊಂಡರು.

"ಗುರವ್ವಕ್ಕಾರ," ಎಂದೆ. ಒಂದು ಕಾಯಿ ಕೈಗೆತ್ತಿಕೊಂಡೆ. "ಈ ಸಲ ಕಾಯಿಗೆ ಬಣ್ಣ ಛಲೋ ಬಂದೈತ್ರಿ."

"ಹೌದ್ರಿ," ಎಂದರು. ಅವರ ದನಿಯೂ ಯಾಕೋ ಸಣ್ಣದಾಗಿತ್ತು. ಮತ್ತೆರಡು ತೊಟ್ಟು ಮುರಿದರು. ಕೊನೆಗೆ ಅವರೇ ಬಾಯಿಬಿಟ್ಟರು. "ಮಾಸ್ತರ್ರ, ಸಿಟ್ಟಿಗೇಳಬ್ಯಾಡ್ರಿ. ಒಂದು ಮಾತು ಹೇಳೂದೈತಿ, ಹೇಳಾಕ ಅಂಜಿಕಿ. ನಿಮ್ಮನ್ಯಾವ್ರು ಹಸಿ ಅರಿವಿ ಹಗ್ಗಕ್ಕ ಹಾಕ್ತಾರಲ್ರಿ, ಆ ನೀರೆಲ್ಲ ಕಾಯಿ ಮ್ಯಾಲ ಬೀಳಾಕತ್ತೈತಿ. ಕಾಯಿ ಕಪ್ಪಾಗಾಕತ್ತಾವ."

ನಾನು ದಂಗಾದೆ. ನಮ್ಮಿಂದಲೂ ಅವರಿಗೆ ತೊಂದರೆ ಆಗುತ್ತಿರಬಹುದು ಎಂಬುದು ನನ್ನ ಪಾಠದಲ್ಲಿ ಎಲ್ಲೂ ಇರಲಿಲ್ಲ. "ಮೊದಲ ಹೇಳಬಾರದೇನ್ರಿ?" ಎಂದೆ.

"ಹೆಂಗ ಹೇಳಲ್ರಿ? ಬೆಳಗಾದ್ರ ಕಣ್ಣು ಕೆಂಪಗ ಮಾಡ್ಕೊಂಡು ಇಳದು ಬರ್ತೀರಿ. ಮಾತಿಲ್ಲ, ಕತಿಯಿಲ್ಲ. ಈ ಮನುಷ್ಯಾ ಬಾಳ ಸಿಟ್ಟಿನಾವ ಅಂತ ನಾ ಓಣ್ಯಾಗೆಲ್ಲ ಹೇಳೇನಿ."

"ಅಕ್ಕಾರ, ಅದು ಸಿಟ್ಟಲ್ರಿ. ನಿಮ್ಮ ಮೆಣಸಿನಕಾಯಿ."

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕೂಸಿನ ಸಂಗತಿ ಹೇಳಿದೆ. ಗುರವ್ವ ನಗಲಿಲ್ಲ, ಎದ್ದು ಕೈ ತೊಳೆದು, ಬಟ್ಟಲಲ್ಲಿ ಬೆಣ್ಣೆ ಹಿಡಿದು ನನಗಿಂತ ಮೊದಲೇ ಮೆಟ್ಟಿಲು ಹತ್ತಿದರು. ಕೂಸಿನ ಹಣೆಗೆ ಬೆಣ್ಣೆ ಹಚ್ಚುತ್ತ, "ಎವ್ವಾ, ನನಗೊಂದು ಮಾತು ಹೇಳಬಾರದ?" ಎಂದು ಶಾಂತಾಳನ್ನು ಕೇಳಿದರು. "ಇವರು ಹೇಳ್ತೇನಿ ಅಂದಿದ್ರು" ಎಂದು ಅವಳು ನನ್ನ ಕಡೆ ನೋಡಿದಳು. ಸಂಜೆಯೊಳಗೆ ಹಗ್ಗ ಹಿತ್ತಲಿನ ಬೇವಿನ ಮರಕ್ಕೆ ಹೋಯಿತು, ರಾಣೆಬೆನ್ನೂರಿನ ಮಾತು ನಿಂತಿತು, ಕೂಸು ಗುರವ್ವನ ತೊಡೆಯ ಮೇಲೆಯೇ ನಿದ್ದೆ ಹೋಯಿತು.

ಇದಿಷ್ಟಕ್ಕೆ ಸುಮ್ಮನಿರಬೇಕಿತ್ತು. ಊಟಕ್ಕೆ ಕುಳಿತಾಗ ನಾನು, "ಮನುಷ್ಯರು ಮಾತಾಡಿದ್ರ ಎಲ್ಲಾ ಬಗೀಹರೀತೈತಿ, ಅಂಜಬಾರದು" ಎಂದು ಸ್ವಲ್ಪ ಉಪದೇಶ ಮಾಡಿದೆ. ಶಾಂತಾ ರೊಟ್ಟಿ ಬಡಿಸುತ್ತ, "ಖರೇ ಐತ್ರಿ. ಹಂಗಾರ ಆಯಿತವಾರನೂ ಶಾಲಿಗೆ ಕರೀಬ್ಯಾಡ್ರಿ ಅಂತ ನಾಳೆ ನಿಮ್ಮ ಹೆಡ್‌ಮಾಸ್ತರಿಗೆ ಹೇಳಿ ಬರ್ರಿ" ಎಂದಳು.

ಭಾನುವಾರದ ರಜೆ ಕೇಳಲು ಮರುದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ನಿಂತೆ. ಅವರು ಕನ್ನಡಕದ ಮೇಲಿಂದ ನೋಡಿ, "ಏನ್ರಿ?" ಎಂದರು.

"ಏನಿಲ್ರಿ ಸರ್. ನಮ್ಮ ಮನಿ ಮಾಲಕರ ಹಂತ್ಯಾಕ ಮೆಣಸಿನಕಾಯಿ ಬಾಳ ಛಲೋ ಅದಾವ. ನಿಮಗ ಬೇಕೇನೋ ಅಂತ ಕೇಳಾಕ ಬಂದೆ."

ಅವರಿಗೆ ಬೇಕಿತ್ತು. ಭಾನುವಾರ ಶಾಲೆಗೆ ಬರುವಾಗ ತರಲು ಹೇಳಿದರು.