ಫೋನ್ ಎತ್ತುವವರ ಅಂಗಡಿ

ಧರಣಿ ಎಂಬ ಹೆಸರು ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ಅವರೆಕಾಳು ಹಿದುಕುತ್ತಿದ್ದಾಗ. ಮೊಮ್ಮಗಳು ಲಾಸ್ಯ ಎದುರಿಗೆ ಬಂದು ಕೂತಳು. "ಅಜ್ಜಿ, ಒಂಟಿಕೊಪ್ಪಲಲ್ಲಿ ಧರಣಿ ಅಂತ ಒಬ್ರು ಅಂಗಡಿ ಇಟ್ಟಿದ್ದಾರಂತೆ. ನಮಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿಕೊಡ್ತಾರಂತೆ."

"ಜೋಡಿಸಿಕೊಡೋದಾ? ಹಂಗಂದ್ರೆ ಮೊದಲು ಬಿಚ್ಚಿರ್ತದಾ?" ಅಂದೆ.

ಲಾಸ್ಯಳಿಗೆ ಮಕ್ಕಳ ಕಥೆಯೊಂದಕ್ಕೆ ಓಡಾಡುವ ಬೊಂಬೆಗಳನ್ನು ಬರೆದುಕೊಡುವ ಕೆಲಸ ಸಿಕ್ಕಿತ್ತು. ಅವಳ ಬದುಕಿನ ಮೊದಲ ಕೆಲಸ. ಹಳೆಯ ಲ್ಯಾಪ್‌ಟಾಪಿನಲ್ಲಿ ಬೊಂಬೆ ಒಂದು ಕಾಲೆತ್ತಿ ಇನ್ನೊಂದು ಕಾಲು ಎತ್ತುವಷ್ಟರಲ್ಲಿ ನನ್ನ ಮುದ್ದೆ ಬೆಂದಿರುತ್ತಿತ್ತು. "ಇದು ಕೈಗೆ ಹತ್ತಲಿಲ್ಲ ಅಂದ್ರೆ ಸುಮ್ನೆ ಬ್ಯಾಂಕ್ ಪರೀಕ್ಷೆಗೆ ಓದ್ಕೊ" ಎಂದು ಅವಳಪ್ಪ, ನನ್ನ ಮಗ ವಿಶ್ವನಾಥ, ಹೇಳಿಯಾಗಿತ್ತು.

ಕಂಪ್ಯೂಟರ್ ವಿಷಯ ಎತ್ತಿದ ಕೂಡಲೇ ಅವನು "ದೊಡ್ಡ ಕಂಪನಿದೇ ತಗೊಳ್ಳೋಣ ಬುಡವ್ವ" ಅಂದ.

ದೊಡ್ಡ ಕಂಪನಿ ಅಂದರೆ ನನಗೆ ಮೈಯೆಲ್ಲ ಉರಿ. ಹೋದ ವರ್ಷ ನಮ್ಮ ಯುಪಿಎಸ್ ಕಣ್ಣು ಮುಚ್ಚಿದಾಗ ದೊಡ್ಡ ಕಂಪನಿಯವರಿಗೇ ಫೋನ್ ಮಾಡಿದ್ದೆ. ಒಬ್ಬಳು ಹಾಡು ಹಾಕಿ, ನಡುನಡುವೆ "ನಿಮ್ಮ ಕರೆ ನಮಗೆ ಅಮೂಲ್ಯ" ಅನ್ನುತ್ತಿದ್ದಳು. (ಅಷ್ಟು ಅಮೂಲ್ಯವಾಗಿದ್ದರೆ ಎತ್ತಬಾರದೆ?) ಕೊನೆಗೂ ಒಬ್ಬ ಬಂದ. ಹಿಂಭಾಗ ಬಿಚ್ಚಿದ, ಮೂಗು ಮುರಿದ, "ಒಳಗೆಲ್ಲ ಜಿಡ್ಡು ಕಟ್ಕೊಂಡಿದೆ, ವಾರಂಟಿ ಬರಲ್ಲ" ಅಂದು ನೀರೂ ಕುಡಿಯದೆ ಹೋದ. ಸಾಮಾನು ಮಾಡಿದ್ದು ಅವರು, ಜಿಡ್ಡು ಮಾತ್ರ ನಮ್ಮದಂತೆ! ಅವತ್ತಿನಿಂದ ಯಾವ ಮದುವೆ ಛತ್ರಕ್ಕೆ ಹೋದರೂ ಪಂಕ್ತಿಯಲ್ಲಿ ಕೂತು ಆ ಕಂಪನಿಯ ಮಾನ ಹರಾಜು ಹಾಕಿಯೇ ಬಂದಿದ್ದೇನೆ.

ಪಾತ್ರೆ ಅಂಗಡಿ ನಡೆಸುತ್ತಿದ್ದ ನಮ್ಮ ಯಜಮಾನರು ಹೇಳುತ್ತಿದ್ದರು: "ಮಾರೋಕೆ ಮುಂಚೆ ಎಲ್ರೂ ನಗ್ತಾರೆ ಕಣೆ ನೀಲ. ಮಾರಿದ ಮೇಲೆ ನಗೋನ ಹತ್ರ ತಗೋ." ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆ ಮಾತಿನ ಬಲದಿಂದ ಒಂದು ಮಹಾ ಉಪಾಯ ಹೂಡಿದೆ. ಕೊಳ್ಳುವ ಮೊದಲೇ "ಕೆಟ್ಟಿದೆ" ಅಂತ ಫೋನ್ ಮಾಡಿಬಿಡುವುದು.

ಮೊದಲ ಅಂಗಡಿಯವನು ಬಿಲ್ ನಂಬರ್ ಕೇಳಿ ಇಟ್ಟುಬಿಟ್ಟ. ಇನ್ನೊಂದು ಕಡೆ ಮತ್ತೆ ಅದೇ ಹಾಡು. ಆಮೇಲೆ ಒಂಟಿಕೊಪ್ಪಲಿಗೆ ಮಾಡಿದೆ. ಎತ್ತಿದ್ದು ಧರಣಿಯೇ.

"ನಿಮ್ಮ ಕಂಪ್ಯೂಟರ್ ಕೆಟ್ಟೋಗದೆ ಕಣಮ್ಮ" ಅಂದೆ.

"ಏನಾಗ್ತಿದೆ ಅಜ್ಜಿ? ದೀಪ ಹತ್ತುತ್ತಾ?"

"ಇಲ್ಲ."

"ಫ್ಯಾನ್ ಸದ್ದು?"

"ಏನಿಲ್ಲ. ಒರಳುಕಲ್ಲಿನಂಗೆ ಕೂತದೆ."

"ಯಾವಾಗ ತಗೊಂಡಿದ್ದು?"

"ಇನ್ನೂ ತಗೊಂಡಿಲ್ಲ."

ಆ ಹುಡುಗಿ ನಕ್ಕ ನಗು ಫೋನಿಲ್ಲದೆಯೂ ನಮ್ಮ ಶ್ರೀರಾಂಪುರದವರೆಗೆ ಕೇಳಿಸುವಂತಿತ್ತು. "ತಗೊಳ್ಳಿ ಅಜ್ಜಿ. ಕೆಟ್ಟಾಗ ಫೋನ್ ನಾನೇ ಎತ್ತೀನಿ, ನಾನೇ ಬರ್ತೀನಿ. ಕೇಳಿದ್ದಕ್ಕೆ ನೀವು ನಿಜ ಹೇಳ್ಬೇಕು, ಅಷ್ಟೇ."

"ನಮ್ಮದು ಶರಣರ ಮನೆ ಕಣಮ್ಮ, ಸುಳ್ಳು ಬರಲ್ಲ" ಅಂದೆ. (ಅಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳೇ ಎನ್ನುವುದು ಫೋನ್ ಇಟ್ಟ ಮೇಲೆ ಹೊಳೆಯಿತು.)

ವಿಶ್ವನಾಥ ಒಪ್ಪಲಿಲ್ಲ. "ಈ ಅಂಗಡಿ ಕೈಕೊಟ್ರೆ ಇನ್ಮೇಲೆ ಈ ಮನೇಲಿ ಒಂದು ಸೌಟು ತರೋ ವಿಚಾರಕ್ಕೂ ನಾನು ಬಾಯಿ ಹಾಕಲ್ಲ" ಎಂದು ನಾನು ಭೀಷ್ಮಪ್ರತಿಜ್ಞೆ ಮಾಡಿದ ಮೇಲೆ ಒಪ್ಪಿದ. ಆ ಲಾಭ ಅವನಿಗೆ ದೊಡ್ಡದಾಗಿ ಕಂಡಿರಬೇಕು.

ಕಂಪ್ಯೂಟರ್ ಬಂತು. ಗಾಜಿನ ಪಕ್ಕೆ, ಒಳಗೆ ಬಣ್ಣಬಣ್ಣದ ದೀಪ, ಮುಂದೆ ಉಸಿರಾಡಲು ಒಂದು ಜಾಲರಿ. "ಯಾರೂ ಮುಟ್ಟಬೇಡಿ" ಅಂದಳು ಲಾಸ್ಯ. ನಾನು ಮುಟ್ಟಲಿಲ್ಲ. ಆದರೆ ನಮ್ಮ ಮನೆಗೆ ಸೊಸೆ ಬರಲಿ, ತುರಿಯೋ ಮಣೆ ಬರಲಿ, ವಿಭೂತಿ ಕಾಣದೆ ಇರುವಂತಿಲ್ಲ. ಸೋಮವಾರ ಅವಳು ಸ್ನಾನಕ್ಕೆ ಹೋದ ಹೊತ್ತು ನೋಡಿ ದೂರದಿಂದಲೇ ಸಾಂಬ್ರಾಣಿ ಹೊಗೆ ಬೀಸಿದೆ. ಏನು ಹೇಳಲಿ! ಹೊಗೆ ಅತ್ತಿತ್ತ ಹೋಗದೆ ನೆಟ್ಟಗೆ ಜಾಲರಿಯೊಳಗೆ ಹೋಯಿತು. ವಿಭೂತಿ ಪುಡಿ ಹಿಡಿದೆ, ಅದನ್ನೂ ಎಳೆದುಕೊಂಡಿತು. ಈ ಮನೆಯ ಯಾವ ಯಂತ್ರವೂ ಇಷ್ಟು ಆಸೆಯಿಂದ ಪ್ರಸಾದ ತೆಗೆದುಕೊಂಡಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಅಲ್ಲಿಂದ ಒಂದು ಸೋಮವಾರವೂ ತಪ್ಪಿಸಲಿಲ್ಲ. ಬೊಂಬೆಗಳನ್ನು ಒಪ್ಪಿಸುವ ದಿನ ಹತ್ತಿರ ಬಂದಾಗ, ಮಗುವಿಗೆ ಒಳ್ಳೆಯದಾಗಲಿ ಎಂದು ದಿನವೂ ಹಾಕಿದೆ.

ನಾಡಿದ್ದು ಒಪ್ಪಿಸಬೇಕು ಎನ್ನುವಾಗ ಕಂಪ್ಯೂಟರ್ ಆರಿಹೋಯಿತು. ಹಚ್ಚಿದರೆ ಒಂದು ಗಳಿಗೆ ಗುರುಗುಟ್ಟಿ ಮತ್ತೆ ಆರುತ್ತದೆ. ಲಾಸ್ಯಳ ಮುಖ ಬಾಡಿದ ವೀಳ್ಯದೆಲೆಯಂತಾಯಿತು.

"ನಿನ್ನ ಒಂಟಿಕೊಪ್ಪಲು ಏನಂತದೆ ಅವ್ವ?" ಅಂದ ವಿಶ್ವನಾಥ.

ಎಲ್ಲರಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಫೋನ್ ಮಾಡಿದೆ. ಧರಣಿ ಎತ್ತಿದಳು. "ನಿನ್ನ ಸಾಮಾನೂ ಹಿಂಗೇ ಆಯ್ತಲ್ಲಮ್ಮ" ಅಂದೆ.

"ಒಳಗೆ ಧೂಳು ಗೀಳು ಹೋಯ್ತಾ ಅಜ್ಜಿ?"

"ನಮ್ಮನೇಲಿ ಎಲ್ಲಿಯ ಧೂಳು? ಎರಡೊತ್ತೂ ಗುಡಿಸ್ತೀನಿ." (ವಿಭೂತಿ ಧೂಳಲ್ಲ. ಬೇಕಾದರೆ ಯಾವ ಮಠದಲ್ಲಾದರೂ ಕೇಳಿ.)

ಮಾತಿಗೆ ತಪ್ಪದೆ ಬೆಳಗ್ಗೆಯೇ ಸ್ಕೂಟರಿನಲ್ಲಿ ಬಂದಳು. ಗಾಜಿನ ಪಕ್ಕೆ ತೆಗೆದಳು. ಕೋಣೆಯೆಲ್ಲ ಮಠದ ವಾಸನೆ. ವಿಶ್ವನಾಥ ತನಗೇ ಗೊತ್ತಿಲ್ಲದೆ ಕೈ ಮುಗಿದುಬಿಟ್ಟ. ಒಳಗಿನ ಫ್ಯಾನುಗಳು ತಪಸ್ಸಿಗೆ ಕೂತ ಋಷಿಗಳಂತೆ ಬೂದಿ ಮೆತ್ತಿಕೊಂಡು ನಿಶ್ಚಲವಾಗಿದ್ದವು.

"ಅಜ್ಜೀ..." ಎಂದು ಲಾಸ್ಯ ರಾಗ ತೆಗೆದಳು.

"ಸೋಮವಾರ ಸೋಮವಾರ ದೂರದಿಂದ್ಲೇ ಬೀಸಿದ್ದು ಕಣೆ, ಮುಟ್ಟಿಲ್ಲ" ಅಂದೆ.

ಧರಣಿ ಬೈಯಲಿಲ್ಲ. ಬ್ರಷ್ಷಿನಲ್ಲಿ ಕೆರೆದು, ಗಾಳಿ ಹೊಡೆದು, ಉದುರಿದ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೇ ಕೊಟ್ಟಳು. ಗುಂಡಿ ಒತ್ತಿದರೆ ದೀಪ ಹತ್ತಿತು. ಪರದೆಯ ಮೇಲೆ ಬೊಂಬೆ ಒಂದು ಕಾಲೆತ್ತಿತು, ಇನ್ನೊಂದನ್ನೂ ಎತ್ತಿತು, ಓಡಿಯೇ ಹೋಯಿತು. ಲಾಸ್ಯ ಆಗಲೇ ಕೆಲಸಕ್ಕೆ ಕೂತಳು. ಸಂಜೆಯೊಳಗೆ ಕಳಿಸಿಬಿಡುತ್ತೇನೆ ಅಂದಳು.

"ಅಂಗಡಿ ಏನೋ ಒಳ್ಳೇದೇ ಆರಿಸಿದ್ದೀಯ ಅವ್ವ. ಗಿರಾಕಿನೇ ಸರಿ ಇಲ್ಲ" ಅಂದ ವಿಶ್ವನಾಥ.

ಮೊದಲರ್ಧ ಮಾತ್ರ ಕಿವಿಗೆ ಹಾಕಿಕೊಂಡು ಧರಣಿಗೆ ಅಕ್ಕಿರೊಟ್ಟಿ, ಕಾಫಿ ಕೊಟ್ಟೆ. ಹೋದ ಮಾನವನ್ನು ಒಂದಿಷ್ಟಾದರೂ ವಾಪಸ್ ತರಬೇಕಲ್ಲ, ಯುಪಿಎಸ್ ಪುರಾಣ ತೆಗೆದೆ. ಹಾಡು, ಅಮೂಲ್ಯ, ನೀರೂ ಕುಡಿಯದೆ ಹೋದವನು, ಎಲ್ಲ ಹೇಳಿದೆ. "ನೋಡಮ್ಮ, ನೀನು ಬಂದು ಸರಿ ಮಾಡ್ದೆ. ಅವನು ಒಳಗೆಲ್ಲ ಜಿಡ್ಡು ಅಂತ ನಮ್ಮ ಮೇಲೇ ಹಾಕ್ಬುಟ್ಟು ಹೋದ."

ಧರಣಿ ಲೋಟ ಕೆಳಗಿಟ್ಟಳು. ವಿಶ್ವನಾಥನ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಜ್ಜಿ, ಕೇಳಿದ್ದಕ್ಕೆ ನಿಜ ಹೇಳ್ತೀನಿ ಅಂದಿದ್ರಲ್ಲ. ಆ ಯುಪಿಎಸ್‌ಗೂ ಸೋಮವಾರ ಸೋಮವಾರ ಧೂಪ ಹಾಕ್ತಿದ್ರಾ?"